ನಡೆದು ಬಂದವರನ್ನು ಮಲಗಿಸಬೇಡಿ

ಕರ್ನಾಟಕ ಸರ್ಕಾರದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ, ಕೌಶಲ್ಯಾಭಿವೃದ್ಧಿ ಇಲಾಖೆಗೆ, ಹಾಗೂ ಯಾರ ಅಪ್ಪ ಅಮ್ಮ ವೃದ್ಧಾಶ್ರಮದಲ್ಲಿದ್ದಾರೋ ಆ ಎಲ್ಲ ಮಕ್ಕಳಿಗೆ

ಮಾನ್ಯರೇ,

ನಾನು ಫಿಸಿಯೋಥೆರಪಿಸ್ಟ್. ಮೈಸೂರು, ಮಂಡ್ಯ ಕಡೆಯ ಕೆಲವು ವೃದ್ಧಾಶ್ರಮಗಳಿಗೆ ವಾರಕ್ಕೆ ಎರಡು ಸಲ ಹೋಗುತ್ತೇನೆ. ಒಬ್ಬೊಬ್ಬರಿಗೆ ಇಪ್ಪತ್ತೋ ಇಪ್ಪತ್ತೈದೋ ನಿಮಿಷ ಸಿಗುತ್ತದೆ, ಅಷ್ಟೇ. ವಾರದ ಉಳಿದ ಅಷ್ಟೂ ಹೊತ್ತು ಆ ಅಜ್ಜಿ ತಾತಂದಿರ ಜೊತೆ ಇರುವವರು ಆಯಾಗಳು, ವಾರ್ಡ್ ಬಾಯ್‌ಗಳು, ಕೇರ್‌ಟೇಕರ್ ಕೆಲಸಕ್ಕೆ ಬಂದ ಹುಡುಗಿಯರು. ಬೆಳಿಗ್ಗೆ ಎಬ್ಬಿಸುವುದು ಅವರು. ಬಚ್ಚಲಿಗೆ ಕರೆದುಕೊಂಡು ಹೋಗುವುದು ಅವರು. ಬಟ್ಟೆ ಹಾಕುವುದು, ಊಟಕ್ಕೆ ಕೂರಿಸುವುದು, ರಾತ್ರಿ ಮಗ್ಗುಲು ಬದಲಿಸುವುದು ಎಲ್ಲಾ ಅವರೇ. ಒಬ್ಬ ಹಿರಿಯರು ಮತ್ತೆ ನಡೆಯುತ್ತಾರೋ ಇಲ್ಲವೋ ಅನ್ನುವುದು ನನಗಿಂತ ಅವರ ಕೈಯಲ್ಲೇ ಜಾಸ್ತಿ ಇದೆ.

ಆದರೆ ಏಳಿಸುವುದು, ನಿಲ್ಲಿಸುವುದು, ನಡೆಸುವುದು ಹೇಗೆ ಅಂತ ಅವರಿಗೆ ಯಾರೂ ಕಲಿಸಿಲ್ಲ. ನಾನು ನೋಡಿದವರಲ್ಲಿ ಹೆಚ್ಚಿನವರು ಏಜೆನ್ಸಿ ಮೂಲಕ ನೇರ ಕೆಲಸಕ್ಕೆ ಬಂದವರು. ಹಳಬರು ಮಾಡುವುದನ್ನು ನೋಡಿ ಹೊಸಬರು ಮಾಡುತ್ತಾರೆ. ಅದನ್ನು ಸರಿಯಾಗಿ ಕಲಿಸಿ, ಕಲಿತವರಿಗೆ ಅದನ್ನು ಮಾಡಲು ಸಮಯ ಸಿಗುವಂತೆ ಮಾಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಕಲಿಸದೇ ಇದ್ದರೆ ಏನಾಗುತ್ತದೆ ಅಂತ ಮೊದಲು ಹೇಳುತ್ತೇನೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಒಬ್ಬ ಅಜ್ಜಿಗೆ ಆಪರೇಷನ್ ಆಗುತ್ತದೆ. ಮಾರನೇ ದಿನವೇ ಎಬ್ಬಿಸಿ ನಿಲ್ಲಿಸಬೇಕು ಅಂತ ಬ್ರಿಟನ್ನಿನ 2011ರ ಮಾರ್ಗಸೂಚಿ ಹೇಳುತ್ತದೆ. ನಮ್ಮ ಮೂಳೆ ಡಾಕ್ಟರುಗಳೂ ಅದನ್ನೇ ಹೇಳುತ್ತಾರೆ. ಅಜ್ಜಿ ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿ ಡಿಸ್ಚಾರ್ಜ್ ಆಗುತ್ತಾರೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ವೃದ್ಧಾಶ್ರಮಕ್ಕೆ ಬರುತ್ತಾರೆ. ಅಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. "ಏಳಬೇಡಿ ಅಜ್ಜಿ, ಬಿದ್ದುಬಿಡ್ತೀರ." ಊಟ ಮಂಚಕ್ಕೇ ಬರುತ್ತದೆ. ಬಚ್ಚಲಿಗೆ ಹೋಗುವ ಬದಲು ಡೈಪರ್ ಬರುತ್ತದೆ. ಮಂಡಿ ನೋವು ಅಂದರೆ ಮಂಡಿ ಕೆಳಗೆ ದಿಂಬು ಇಡುತ್ತಾರೆ. ಹಿತವಾಗಿರುತ್ತದೆ, ಹಾಗಾಗಿ ದಿಂಬು ಅಲ್ಲೇ ಉಳಿಯುತ್ತದೆ. ಕೆಲವು ವಾರಗಳಲ್ಲಿ ಮಂಡಿ ಮಡಚಿದ್ದು ಮಡಚಿದಂತೆಯೇ ಬಿಗಿಯುತ್ತದೆ. ಹಿಮ್ಮಡಿಯಲ್ಲಿ ಹುಣ್ಣು ಕಾಣಿಸಿಕೊಳ್ಳುತ್ತದೆ. ವಾಕರ್ ಮೂಲೆಯಲ್ಲಿರುತ್ತದೆ, ಅದರ ಮೇಲೆ ಟವೆಲ್ ಒಣಗುತ್ತಿರುತ್ತದೆ.

ಇದರಲ್ಲಿ ಯಾರ ಕೆಟ್ಟ ಉದ್ದೇಶವೂ ಇಲ್ಲ. ಆಯಾ ಪ್ರೀತಿಯಿಂದಲೇ ತುತ್ತು ತಿನ್ನಿಸುತ್ತಿರುತ್ತಾರೆ. ಮಕ್ಕಳು ನೋಡಲು ಬಂದಾಗ "ಪಾಪ, ವಯಸ್ಸಾಯ್ತಲ್ವಾ" ಅಂತ ಎಲ್ಲರೂ ಒಪ್ಪಿಕೊಂಡುಬಿಡುತ್ತಾರೆ. ಆದರೆ ಅಜ್ಜಿಗೆ ಒಂದೂವರೆ ತಿಂಗಳಲ್ಲಿ ಅಷ್ಟೊಂದು ವಯಸ್ಸು ಆಗಿರುವುದಿಲ್ಲ. ಮಲಗಿಸಿದ್ದರಿಂದ ಹಾಗಾಗಿರುತ್ತದೆ.

2007ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಒಂದು ಅಧ್ಯಯನ ಬಂದಿತ್ತು. ಕಾಯಿಲೆ ಏನೂ ಇಲ್ಲದ, ಸರಾಸರಿ 67 ವಯಸ್ಸಿನ ಹಿರಿಯರನ್ನು 10 ದಿನ ಮಂಚದಲ್ಲೇ ಇರಿಸಿ ನೋಡಿದರು. ಊಟ ಸರಿಯಾಗಿಯೇ ಕೊಟ್ಟಿದ್ದರು. ಆದರೂ ಅಷ್ಟರಲ್ಲೇ ಅವರ ಕಾಲುಗಳಿಂದ ಸರಾಸರಿ ಒಂದು ಕಿಲೋ ಹತ್ತಿರ ಮಾಂಸಖಂಡ ಕರಗಿತ್ತು. ಆರೋಗ್ಯವಂತರ ಕಥೆಯೇ ಹೀಗಾದರೆ, ಆಪರೇಷನ್ ಆದ, ಸರಿಯಾಗಿ ಊಟ ಸೇರದ, 80 ದಾಟಿದವರ ಗತಿ ಏನು?

ಅದೇ ಪತ್ರಿಕೆಯಲ್ಲಿ 1990ರಲ್ಲಿ ಬಂದ ಇನ್ನೊಂದು ಅಧ್ಯಯನ ನನಗೆ ತುಂಬಾ ಧೈರ್ಯ ಕೊಡುತ್ತದೆ. ಬಾಸ್ಟನ್ನಿನ ಒಂದು ಆರೈಕೆ ಕೇಂದ್ರದಲ್ಲಿದ್ದ, ಸುಮಾರು 90 ವಯಸ್ಸಿನ 10 ಜನರಿಗೆ 8 ವಾರ ಕಾಲಿನ ಶಕ್ತಿ ಹೆಚ್ಚಿಸುವ ವ್ಯಾಯಾಮ ಮಾಡಿಸಿದರು. ಒಬ್ಬರು ಮಧ್ಯದಲ್ಲಿ ಬಿಟ್ಟರು. ಉಳಿದವರ ಕಾಲಿನ ಶಕ್ತಿ ಸರಾಸರಿ 174% ಹೆಚ್ಚಿತು. ಇಬ್ಬರು ಕೋಲು ಬಿಟ್ಟು ನಡೆದರು. 90ನೇ ವಯಸ್ಸಿನಲ್ಲೂ ಸ್ನಾಯು ಹೇಳಿದ ಮಾತು ಕೇಳುತ್ತದೆ, ಕೇಳಿಸುವವರು ಇರಬೇಕು ಅಷ್ಟೇ.

ಎಲ್ಲರೂ ಮತ್ತೆ ನಡೆಯುತ್ತಾರೆ ಅಂತ ನಾನು ಹೇಳುವುದಿಲ್ಲ. ಕೆಲವರಿಗೆ ಮಂಚದ ಅಂಚಿನಲ್ಲಿ ಯಾರ ಆಸರೆಯೂ ಇಲ್ಲದೆ ಐದು ನಿಮಿಷ ಕೂರುವುದೇ ದೊಡ್ಡ ಗುರಿ. ಇನ್ನು ಕೆಲವರಿಗೆ ಲೋಟ ಹಿಡಿದು ತಾವೇ ಕಾಫಿ ಕುಡಿಯುವುದು. ಆ ಗುರಿ ಏನು ಅಂತ ಪ್ರತಿಯೊಬ್ಬರಿಗೂ ಬೇರೆಯಾಗಿ ಗೊತ್ತು ಮಾಡುವುದು ನಮ್ಮಂಥವರ ಕೆಲಸ. ದಿನವೂ ಅದರ ಕಡೆಗೆ ಒಂದಿಷ್ಟು ಕರೆದುಕೊಂಡು ಹೋಗುವುದು ಸಹಾಯಕಿಯರ ಕೆಲಸ.

ಇದಕ್ಕೆ ದೊಡ್ಡ ಯಂತ್ರ ಬೇಡ, ದೊಡ್ಡ ಓದೂ ಬೇಡ. ಆದರೆ ಕೈ ಹಿಡಿದು ಕಲಿಸಬೇಕು. ಏಳಿಸುವುದನ್ನೇ ನೋಡಿ. ನಮ್ಮಲ್ಲಿ ಯಾರನ್ನಾದರೂ ಏಳಿಸಬೇಕು ಅಂದರೆ ಕಂಕುಳಿಗೆ ಕೈ ಹಾಕಿ ಎತ್ತುತ್ತಾರೆ, ಇಲ್ಲವೇ ಎರಡೂ ಕೈ ಹಿಡಿದು ಎಳೆಯುತ್ತಾರೆ. ಲಕ್ವ ಹೊಡೆದವರ ಭುಜ ಮೊದಲೇ ಸಡಿಲವಾಗಿರುತ್ತದೆ. ಹಾಗೆ ಎಳೆದರೆ ಕೀಲು ಜಾರಿ, ಆಮೇಲೆ ತಿಂಗಳುಗಟ್ಟಲೆ ನೋವು. ಸರಿಯಾದ ಕ್ರಮ ಬೇರೆ. ಮೊದಲು ಮಗ್ಗುಲಾಗಿಸಿ, ಕಾಲು ಕೆಳಗಿಳಿಸಿ, ಮಂಚದ ಅಂಚಿನಲ್ಲಿ ಕೂರಿಸಬೇಕು. ಒಂದೆರಡು ನಿಮಿಷ ಹಾಗೇ ಬಿಡಬೇಕು, ಯಾಕೆಂದರೆ ಮಲಗಿದ್ದವರು ತಟ್ಟನೆ ಎದ್ದರೆ ಬಿಪಿ ಇಳಿಯುತ್ತದೆ. "ತಲೆ ಸುತ್ತುತ್ತಾ ತಾತ?" ಅಂತ ಕೇಳಬೇಕು. ಸುತ್ತುತ್ತದೆ ಅಂದರೆ ಮತ್ತೆ ಮಲಗಿಸಿ ನರ್ಸಿಗೆ ಹೇಳಬೇಕು. ಇಲ್ಲ ಅಂದರೆ ಸೊಂಟ ಮುಂದಕ್ಕೆ ಜರುಗಿಸಿ, ಪಾದ ಎರಡನ್ನೂ ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಲು ಹೇಳಬೇಕು. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿಸಬೇಕು. ಆಮೇಲೆ ಅವರೇ ಮಂಚಕ್ಕೋ ಕುರ್ಚಿಯ ಕೈಗೋ ಕೈ ಊರಿ ಏಳುತ್ತಾರೆ. ಸಹಾಯಕಿ ಸೊಂಟದ ಬೆಲ್ಟ್ ಹಿಡಿದು ಜೊತೆಗಿರಬೇಕು, ಎತ್ತಬಾರದು.

ಈ ಬೆಲ್ಟ್ ಬಗ್ಗೆ ಒಂದು ಮಾತು. ದಪ್ಪ ಕಾಟನ್ ಪಟ್ಟಿ, ಗಟ್ಟಿ ಬಕಲ್, ಅಷ್ಟೇ ಅದು. ಬಟ್ಟೆ ಮೇಲೆ ಸೊಂಟಕ್ಕೆ ಕಟ್ಟಿದರೆ ಹಿಡಿದುಕೊಳ್ಳಲು ಭದ್ರವಾದ ಜಾಗ ಸಿಗುತ್ತದೆ. ಹೊಟ್ಟೆ ಆಪರೇಷನ್ ಈಚೆಗೆ ಆಗಿದ್ದವರಿಗೆ ಕಟ್ಟಬಾರದು, ಅದನ್ನೂ ಹೇಳಿಕೊಡಬೇಕು. ನಾನು ಹೋಗುವ ಕಡೆ ಹೆಚ್ಚಿನ ಜಾಗಗಳಲ್ಲಿ ಗಾಲಿಕುರ್ಚಿ ನಾಲ್ಕಾರು ಇರುತ್ತವೆ, ಬೆಲ್ಟ್ ಒಂದೂ ಇರುವುದಿಲ್ಲ. ದಾನ ಕೊಡುವವರಿಗೆ ಗಾಲಿಕುರ್ಚಿ ಕಣ್ಣಿಗೆ ಕಾಣುತ್ತದೆ. ನಡೆಯಬಲ್ಲವರನ್ನೂ ಅದರಲ್ಲೇ ಕೂರಿಸಿ ತಳ್ಳುವುದು ಹಾಗೇ ಅಭ್ಯಾಸ ಆಗಿಬಿಡುತ್ತದೆ.

ನಡೆಸುವಾಗ ಶಕ್ತಿ ಕಡಿಮೆ ಇರುವ ಕಡೆ, ಸ್ವಲ್ಪ ಹಿಂದೆ ನಿಲ್ಲಬೇಕು. ಕೋಲು ಮಾತ್ರ ಗಟ್ಟಿ ಇರುವ ಕಡೆಯ ಕೈಯಲ್ಲಿರಬೇಕು. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ, ನೋವಿರುವ ಕಾಲಿನ ಕಡೆಗೇ ಕೋಲು ಕೊಡುತ್ತಾರೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಶರಟೋ ರವಿಕೆಯೋ ಹಾಕುವಾಗ ಸೋತ ಕೈಗೆ ಮೊದಲು ತೋಳು ತೂರಿಸಬೇಕು, ಬಿಚ್ಚುವಾಗ ಗಟ್ಟಿ ಕೈಯಿಂದ ಶುರು ಮಾಡಬೇಕು. ಮಂಚದಿಂದ ಗಾಲಿಕುರ್ಚಿಗೆ ದಾಟಿಸುವಾಗ ಕುರ್ಚಿ ಗಟ್ಟಿ ಇರುವ ಕಡೆಗಿರಬೇಕು, ಬ್ರೇಕ್ ಹಾಕಿರಬೇಕು, ಕಾಲಿಡುವ ಹಲಗೆ ಮಡಚಿರಬೇಕು. ತಾನಾಗಿ ಕೈಕಾಲು ಆಡಿಸಲು ಆಗದವರಿಗೆ ಒಂದೊಂದೇ ಕೀಲನ್ನು ನಿಧಾನವಾಗಿ ಆಡಿಸಬೇಕು. ಕೀಲಿನ ಮೇಲೂ ಕೆಳಗೂ ಕೈ ಆಸರೆ ಕೊಟ್ಟು, ನೋವು ಅಂದ ಕಡೆ ನಿಲ್ಲಿಸಬೇಕು, ಬಲವಂತ ಮಾಡಬಾರದು. ಮುಷ್ಟಿ ಬಿಗಿದ ಕೈ, ಕೆಳಗೆ ಬಾಗಿ ನಿಂತ ಪಾದ, ಬಿಗಿದ ಮಂಡಿ ಇವೆಲ್ಲಾ ತಡೆಯಬಹುದಾದ ತೊಂದರೆಗಳು. ಒಮ್ಮೆ ಪೂರ್ತಿ ಬಿಗಿದ ಮೇಲೆ ನನ್ನಿಂದಲೂ ಏನೂ ಮಾಡಲು ಆಗುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ಕೌಶಲ ಕಾಯುವುದು. ಒಬ್ಬ ತಾತ ತಾನೇ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕು. ಸಹಾಯಕಿ ಹಾಕಿದರೆ ಅರ್ಧ ನಿಮಿಷ. ಎಂಟು ಗಂಟೆಯ ತಿಂಡಿಗೆ ಮುಂಚೆ ಹತ್ತು ಹನ್ನೆರಡು ಜನರನ್ನು ತಯಾರು ಮಾಡಬೇಕಾದವಳು ಏನು ಮಾಡಿಯಾಳು? ತಾನೇ ಹಾಕಿ ಮುಂದೆ ಹೋಗುತ್ತಾಳೆ. ಅವಳನ್ನು ಬೈದು ಪ್ರಯೋಜನ ಇಲ್ಲ. ಕೆಲಸ ಹಂಚುವವರು ಆ ಹತ್ತು ನಿಮಿಷವನ್ನು ಕೆಲಸದ ಲೆಕ್ಕದಲ್ಲಿ ಸೇರಿಸಬೇಕು. ಮರೆವಿನ ಕಾಯಿಲೆ ಇರುವವರ ಜೊತೆಗಂತೂ ಒಂದು ಮಾತು ಹೇಳಿ, ಅದು ಅವರಿಗೆ ಮುಟ್ಟುವ ತನಕ ಸುಮ್ನೆ ನಿಲ್ಲಬೇಕಾಗುತ್ತದೆ. "ಏಳಿ, ಚಪ್ಪಲಿ ಹಾಕ್ಕೊಳ್ಳಿ, ಬನ್ನಿ ಬೇಗ" ಅಂತ ಮೂರು ಮಾತು ಒಟ್ಟಿಗೆ ಹೇಳಿದರೆ ಅವರು ಗಾಬರಿಯಾಗಿ ಕುಳಿತುಬಿಡುತ್ತಾರೆ. ಆಗ "ಮಾತು ಕೇಳಲ್ಲ" ಅನ್ನುವ ಹೆಸರು ಬೇರೆ.

ನಡಿಗೆಗೆ ಪ್ರತ್ಯೇಕ ವ್ಯಾಯಾಮದ ಹೊತ್ತೇ ಬೇಕು ಅಂತಲೂ ಇಲ್ಲ. ಊಟದ ಹಾಲಿಗೆ ನಡೆದು ಹೋಗುವುದು, ತುಳಸಿ ಕಟ್ಟೆ ತನಕ ಹೋಗಿ ಬರುವುದು, ಸಂಜೆ ಜಗಲಿಗೆ ಬಂದು ಕೂರುವುದು, ಇವೇ ಸಾಕು. ಕಾಫಿ ಆದ ಮೇಲೆ, ಊಟ ಆದ ಮೇಲೆ, ಮಲಗುವ ಮುಂಚೆ ಹೊತ್ತಿಗೆ ಸರಿಯಾಗಿ ಬಚ್ಚಲಿಗೆ ನಡೆಸಿಕೊಂಡು ಹೋದರೆ ಡೈಪರಿನ ಅಗತ್ಯ ಎಷ್ಟೋ ಜನರಿಗೆ ಇರುವುದಿಲ್ಲ, ದಿನಕ್ಕೆ ನಾಲ್ಕಾರು ಸಲ ಎದ್ದು ಕೂತು ನಡೆದ ಹಾಗೂ ಆಗುತ್ತದೆ. ಅವರೆಕಾಯಿ ಕಾಲದಲ್ಲಿ ಒಂದು ಕಡೆ ನಾನು ನೋಡಿದ್ದನ್ನು ಹೇಳುತ್ತೇನೆ. ಒಬ್ಬ ಆಯಾ ಲಕ್ವ ಹೊಡೆದಿದ್ದ ಅಜ್ಜಿಯ ಮುಂದೆ ಒಂದು ಬುಟ್ಟಿ ಅವರೆಕಾಯಿ ಇಟ್ಟು, "ಸುಲಿದು ಕೊಡಿ ಅಜ್ಜಿ, ಸಂಜೆ ಸಾರಿಗೆ ಬೇಕು" ಅಂದರು. ಅಜ್ಜಿ ಗಟ್ಟಿ ಕೈಯಲ್ಲಿ ಕಾಯಿ ಹಿಡಿದು ಸೋತ ಕೈಯ ಬೆರಳಲ್ಲಿ ಸುಲಿದರು. ನಿಧಾನವಾಗಿ, ಆದರೆ ಬಿಡದೆ. ನಾನು ಕೊಟ್ಟಿದ್ದ ರಬ್ಬರ್ ಚೆಂಡನ್ನು ಅವರು ಒಂದು ದಿನವೂ ಮುಟ್ಟಿರಲಿಲ್ಲ. ಆ ಆಯಾಗೆ ಯಾವ ತರಬೇತಿಯೂ ಆಗಿರಲಿಲ್ಲ. ತರಬೇತಿ ಸಿಕ್ಕಿದ್ದರೆ ಇನ್ನೇನೇನು ಮಾಡುತ್ತಿದ್ದರೋ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಆಶ್ರಮ ನಡೆಸುವವರ ಪ್ರಶ್ನೆಯೂ ನ್ಯಾಯವಾದದ್ದೇ. "ನಡೆಸೋಕೆ ಹೋಗಿ ಬಿದ್ದರೆ ಜವಾಬ್ದಾರಿ ಯಾರದು?" ಆ ಭಯಕ್ಕೇ ಬಹಳ ಕಡೆ ಹಿರಿಯರನ್ನು ಕೂರಿಸಿಬಿಡುತ್ತಾರೆ. ದುಪಟ್ಟಾದಿಂದ ಕುರ್ಚಿಗೆ ಕಟ್ಟಿ ಕೂರಿಸಿದ್ದನ್ನೂ ನಾನು ಕಂಡಿದ್ದೇನೆ. ಆದರೆ ಕೂರಿಸಿದಷ್ಟೂ ಕಾಲಿನ ಶಕ್ತಿ ಇಳಿಯುತ್ತದೆ. ಶಕ್ತಿ ಇಳಿದವರು ಯಾರೂ ನೋಡದ ಹೊತ್ತಿನಲ್ಲಿ ಒಬ್ಬರೇ ಎದ್ದು ಬೀಳುತ್ತಾರೆ. ಬೀಳುವುದನ್ನು ತಡೆಯುವುದಕ್ಕೆ ಬೇರೆ ದಾರಿಗಳಿವೆ. ಸವೆದ ಹವಾಯಿ ಚಪ್ಪಲಿ ತೆಗೆಸಿ ಹಿಮ್ಮಡಿ ಹಿಡಿಯುವ ಚಪ್ಪಲಿ ಕೊಡುವುದು, ಒರೆಸಿದ ನೆಲ ಒಣಗುವ ತನಕ ಯಾರನ್ನೂ ಎಬ್ಬಿಸದಿರುವುದು, ಬಚ್ಚಲಲ್ಲಿ ಹಿಡಿದುಕೊಳ್ಳಲು ಗೋಡೆಗೆ ಕಂಬಿ ಹಾಕಿಸುವುದು, ರಾತ್ರಿ ಸಣ್ಣ ದೀಪ ಉರಿಸುವುದು. ತಗ್ಗಾದ ಪ್ಲಾಸ್ಟಿಕ್ ಕುರ್ಚಿಗಳನ್ನು ಬದಲಿಸಿ ಕೈ ಇರುವ ಎತ್ತರದ ಕುರ್ಚಿ ಹಾಕಿದರೂ ಸಾಕು, ಏಳಲು ಆಗುವುದಿಲ್ಲ ಅನ್ನುತ್ತಿದ್ದವರಲ್ಲಿ ಕೆಲವರು ಅವತ್ತೇ ಎದ್ದು ನಿಲ್ಲುತ್ತಾರೆ.

ಸಹಾಯಕಿಯರ ಮೈಯ ಬಗ್ಗೆಯೂ ಯೋಚಿಸಬೇಕು. ನಲವತ್ತು ದಾಟದ ಹೆಂಗಸರು ಸೊಂಟ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ದಿನವಿಡೀ ಜನರನ್ನು ಎತ್ತಿ ಎತ್ತಿ ಹಾಗಾಗಿರುತ್ತದೆ. ಸರಿಯಾಗಿ ಏಳಿಸುವುದನ್ನು ಕಲಿತರೆ ಮೊದಲ ಲಾಭ ಅವರಿಗೇ. ತಾನಾಗಿ ಏಳಲು ಕಲಿತ ಪ್ರತಿ ಅಜ್ಜಿಯೂ ಅವರ ಸೊಂಟಕ್ಕೆ ಒಂದು ಭಾರ ಕಡಿಮೆ ಮಾಡುತ್ತಾರೆ.

ಈಗ ಇಲಾಖೆಗಳಿಗೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 19ನೇ ಸೆಕ್ಷನ್ ನಿಮಗೆ ಗೊತ್ತೇ ಇದೆ. ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗ ಎಂದು ಅದು ಹೇಳುತ್ತದೆ. ಆಶ್ರಮಗಳಲ್ಲಿ ಯಾವ ಮಟ್ಟದ ಸೇವೆ ಇರಬೇಕು ಅಂತ ಗೊತ್ತು ಮಾಡುವ ಅಧಿಕಾರವನ್ನೂ ರಾಜ್ಯಕ್ಕೆ ಕೊಡುತ್ತದೆ. ಅಲ್ಲಿ ಹೆಸರಿಸಿರುವುದು ವೈದ್ಯಕೀಯ ಆರೈಕೆ ಮತ್ತು ಮನರಂಜನೆ. ನಡೆಯುವ ಶಕ್ತಿ ಉಳಿಸುವುದೂ ವೈದ್ಯಕೀಯ ಆರೈಕೆಯೇ ಎಂದು ನೀವು ಸ್ಪಷ್ಟವಾಗಿ ಬರೆಯಬಹುದು. ಹೊಸ ಕಾಯ್ದೆ ಬೇಕಾಗಿಲ್ಲ.

ಅಮೆರಿಕದಲ್ಲಿ 1987ರ ಕಾನೂನಿನ ನಂತರ ಆರೈಕೆ ಕೇಂದ್ರಗಳ ಸಹಾಯಕಿಯರಿಗೆ ಕನಿಷ್ಠ 75 ಗಂಟೆ ತರಬೇತಿ ಕಡ್ಡಾಯವಾಯಿತು. ಅದರಲ್ಲಿ 16 ಗಂಟೆ ಮೇಲ್ವಿಚಾರಣೆಯಲ್ಲಿ ಕೈಯಾರೆ ಮಾಡಿ ಕಲಿಯಬೇಕು. ಕೀಲು ಆಡಿಸುವುದು, ಸರಿಯಾಗಿ ಮಗ್ಗುಲಾಗಿಸುವುದು, ವಾಕರ್ ಬಳಸಿ ನಡೆಸುವುದು, ತಮ್ಮ ಕೆಲಸ ತಾವೇ ಮಾಡಿಕೊಳ್ಳಲು ಹಿರಿಯರಿಗೆ ಕಲಿಸುವುದು ಇವೆಲ್ಲಾ ಪಠ್ಯದಲ್ಲೇ ಇವೆ. ಒಬ್ಬ ನಿವಾಸಿಗೆ ದಿನಕ್ಕೆ ಕನಿಷ್ಠ 15 ನಿಮಿಷ ಹೀಗೆ ಮಾಡಿಸಿದರೆ ಮಾತ್ರ ಅದು ದಾಖಲೆಯಲ್ಲಿ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಎಲ್ಲವೂ ಸರಿಯಿದೆ ಅಂತಲ್ಲ. ಆಳು ಕಡಿಮೆ ಬಿದ್ದ ದಿನ ನಡೆಸುವ ಸಹಾಯಕಿಯನ್ನೇ ಬೇರೆ ಕೆಲಸಕ್ಕೆ ಎಳೆದುಕೊಳ್ಳುತ್ತಾರೆ ಅನ್ನುವ ದೂರು ಅಲ್ಲೂ ಇದೆ. ಆದರೆ ಇದೊಂದು ಕೆಲಸ, ಇದಕ್ಕೆ ಕಲಿಕೆ ಬೇಕು, ಇದನ್ನು ಬರೆದಿಡಬೇಕು ಅನ್ನುವಷ್ಟು ಅವರು ಒಪ್ಪಿಕೊಂಡಿದ್ದಾರೆ. ನಾವು ಇನ್ನೂ ಅಲ್ಲಿಗೆ ಬಂದಿಲ್ಲ.

ನಮ್ಮಲ್ಲಿ ಸಾಮಗ್ರಿ ಇಲ್ಲದೇ ಇಲ್ಲ. ರೋಗಿಗಳ ಆರೈಕೆಗೆ ಸಹಾಯಕರನ್ನು ತಯಾರು ಮಾಡುವ ಜನರಲ್ ಡ್ಯೂಟಿ ಅಸಿಸ್ಟೆಂಟ್ ಕೋರ್ಸ್ ಇದೆ. 2010-11ರಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗಳಿಗೆ ಹಿರಿಯರ ವಾರ್ಡ್ ಮತ್ತು ಫಿಸಿಯೋಥೆರಪಿ ಸೌಲಭ್ಯ ಸೇರಿವೆ. ಅಲ್ಲೇ, ಈಗಾಗಲೇ ಕೆಲಸದಲ್ಲಿರುವ ಸಹಾಯಕಿಯರಿಗೆ ಕನ್ನಡದಲ್ಲಿ, ಮಂಚ ಕುರ್ಚಿ ಇಟ್ಟುಕೊಂಡು ಕಲಿಸಿ. ವಿಡಿಯೋ ತೋರಿಸಿ ಸಹಿ ಹಾಕಿಸಿಕೊಂಡು ಕಳಿಸಬೇಡಿ. ತರಬೇತಿಯ ದಿನಗಳ ಸಂಬಳ ಕಡಿತ ಆಗಬಾರದು, ಕಲಿತ ಮೇಲೆ ಸಂಬಳ ಏರಬೇಕು, ಇಲ್ಲವಾದರೆ ಕಲಿತವರು ಕೆಲಸ ಬಿಟ್ಟು ಹೋಗುತ್ತಾರೆ, ಅವರ ತಪ್ಪೂ ಅಲ್ಲ. ಪ್ರತಿ ಪಾಳಿಯಲ್ಲೂ ಏಳಿಸಿ ನಡೆಸುವುದಕ್ಕೆ ಅಂತಲೇ ಒಬ್ಬರಿರಲಿ, ಅವರನ್ನು ಪಾತ್ರೆ ತೊಳೆಯಲು ಕರೆಯುವಂತಿಲ್ಲ ಎಂದು ನಿಯಮದಲ್ಲಿ ಬರೆಯಿರಿ.

ನಿಮ್ಮ ತಪಾಸಣೆಯವರು ಬಂದಾಗ ಹಾಸಿಗೆ ಎಣಿಸುತ್ತಾರೆ, ಅಡುಗೆಮನೆ ನೋಡುತ್ತಾರೆ, ಬೆಂಕಿ ಆರಿಸುವ ಸಿಲಿಂಡರ್ ನೋಡುತ್ತಾರೆ. ಎಲ್ಲಾ ಬೇಕಾದದ್ದೇ. ಅದರ ಜೊತೆ ಇನ್ನೊಂದು ಪುಸ್ತಕ ಕೇಳಿ. ಸೇರಿದ ದಿನ ಈ ವ್ಯಕ್ತಿ ತಾನಾಗಿ ಕುರ್ಚಿಯಿಂದ ಏಳುತ್ತಿದ್ದರಾ, ಎಷ್ಟು ದೂರ ನಡೆಯುತ್ತಿದ್ದರು, ಬಚ್ಚಲಿಗೆ ಹೇಗೆ ಹೋಗುತ್ತಿದ್ದರು? ಮೂರು ತಿಂಗಳ ಮೇಲೆ ಹೇಗಿದ್ದಾರೆ? ಈ ಪುಸ್ತಕ ಬರೆಯುವವರು ಆಫೀಸಿನಲ್ಲಿ ಕೂತವರಲ್ಲ, ದಿನವೂ ಕೈ ಹಿಡಿದು ನಡೆಸುವ ಸಹಾಯಕಿಯೇ ಆಗಿರಬೇಕು. "ಎರಡು ದಿನದಿಂದ ಬಲಗಾಲು ಎಳೀತಿದ್ದಾರೆ ಮೇಡಂ" ಅಂತ ಮೊದಲು ಗಮನಿಸುವವಳು ಅವಳೇ. ಆ ಮಾತು ಡಾಕ್ಟರ್ ತನಕ ಮುಟ್ಟಲು ಒಂದು ದಾರಿ ಇರಲಿ.

ಮಕ್ಕಳಿಗೂ ಒಂದೆರಡು ಮಾತು. ಫೋನ್ ಮಾಡಿದಾಗ ಊಟ ಆಯ್ತಾ, ಮಾತ್ರೆ ತಗೊಂಡ್ರಾ ಅಂತ ಕೇಳುತ್ತೀರಿ. ಇವತ್ತು ಎಷ್ಟು ದೂರ ನಡೆದರು ಅಂತಲೂ ಕೇಳಿ. ಬರುವಾಗ ಸ್ವೀಟ್ ಬಾಕ್ಸ್ ಜೊತೆ ಕಾಲಿಗೆ ಸರಿಯಾಗಿ ಕೂರುವ ಚಪ್ಪಲಿ ತನ್ನಿ, ಕನ್ನಡಕದ ನಂಬರ್ ಬದಲಾಗಿದೆಯಾ ನೋಡಿಸಿ. ಅಪ್ಪ ನಡೆಯುವಾಗ ಒಮ್ಮೆ ಬೀಳುವ ಸಾಧ್ಯತೆ ಇದೆ, ಆದರೂ ಅವರು ನಡೆಯಲಿ ಅಂತ ಆಶ್ರಮದವರಿಗೆ ಬರೆದು ಕೊಡಿ. ನೀವು ಒಪ್ಪಿದ್ದೀರಿ ಅಂತ ಗೊತ್ತಾದರೆ ಅವರಿಗೂ ಧೈರ್ಯ ಬರುತ್ತದೆ.

ಇಲಾಖೆ ಮನಸ್ಸು ಮಾಡಿದರೆ ಪಠ್ಯ ಬರೆಯಲು, ಕಲಿಸಲು ನಾನು ಬರುತ್ತೇನೆ. ನನ್ನ ಜೊತೆ ಕೆಲಸ ಮಾಡುವವರಲ್ಲೂ ಹಲವರು ಬರಲು ತಯಾರಿದ್ದಾರೆ. ಒಂದು ಜಿಲ್ಲೆಯಲ್ಲಿ ಶುರು ಮಾಡಿ ನೋಡಿ. ಮೊದಲ ತಂಡದಲ್ಲೇ ರಾತ್ರಿ ಪಾಳಿಯವರನ್ನು ಸೇರಿಸಿ. ಅವರನ್ನು ಯಾವ ತರಬೇತಿಗೂ ಕರೆಯುವುದಿಲ್ಲ, ಆದರೆ ಕತ್ತಲಲ್ಲಿ ಬಚ್ಚಲಿಗೆ ಎದ್ದವರ ಜೊತೆ ಇರುವವರು ಅವರೊಬ್ಬರೇ.

ಇತಿ,
ಮೈಸೂರಿನ ಒಬ್ಬ ಫಿಸಿಯೋಥೆರಪಿಸ್ಟ್